ಈ ಕ್ಯಾಂಪಸ್ ಇಲ್ಲಿಗೆ ಹೇಗೆ ಬಂತು? ಬಿ.ಎ.ಯಿಂದ ಪಿಎಚ್‌ಡಿವರೆಗೆ ಇತಿಹಾಸದ ಓದು

ಶಿಕಾಗೊ ನಗರದ ನಡುಭಾಗದಿಂದ ಸ್ವಲ್ಪ ಪಶ್ಚಿಮಕ್ಕೆ ಹೋದರೆ ಹಾಲ್‌ಸ್ಟೆಡ್ ರಸ್ತೆ ಸಿಗುತ್ತದೆ. ಅದರ ಬದಿಯಲ್ಲಿ ಇಟ್ಟಿಗೆಯ ಎರಡು ಹಳೆಯ ಕಟ್ಟಡಗಳಿವೆ. ಅವುಗಳ ಬೆನ್ನಿಗೇ ಕಾಂಕ್ರೀಟಿನ ದೊಡ್ಡ ಕ್ಯಾಂಪಸ್ ಶುರುವಾಗುತ್ತದೆ. ಹಳೆಯ ಕಟ್ಟಡಗಳು ಹಲ್ ಹೌಸ್ ಎಂಬ ಸಮಾಜಸೇವಾ ಸಂಸ್ಥೆಯವು. ವಲಸೆ ಬಂದ ಕಾರ್ಮಿಕರ ನಡುವೆಯೇ ಬದುಕಿ ಕೆಲಸ ಮಾಡಬೇಕೆಂದು ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಗೆಳತಿಯರು 1889ರಲ್ಲಿ ಇಲ್ಲಿಗೆ ಬಂದು ನೆಲೆಸಿದರು. ಮುಂದೆ 1931ರಲ್ಲಿ ಆಡಮ್ಸ್ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಹಿಂದಿರುವ ಕ್ಯಾಂಪಸ್ ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೊ ಶಾಖೆಯದು. ಎಲ್ಲರೂ ಅದನ್ನು ಯುಐಸಿ ಅಂತಲೇ ಕರೆಯುತ್ತಾರೆ.

ಹಲ್ ಹೌಸ್ ಬೆಳೆದು 13 ಕಟ್ಟಡಗಳ ಸಮೂಹವಾಗಿತ್ತು. ಉಳಿದಿರುವುದು ಎರಡೇ. ಮಿಕ್ಕವುಗಳನ್ನು ಈ ಕ್ಯಾಂಪಸ್‌ಗಾಗಿಯೇ ಕೆಡವಿದರು. ಕಟ್ಟಡಗಳ ಜೊತೆ ಸುತ್ತಲಿನ ಬೀದಿಗಳು, ಅಂಗಡಿಗಳು, ಸಾವಿರಾರು ಜನರ ಮನೆಗಳೂ ಹೋದವು. ಅಂದರೆ ಇಲ್ಲಿ ಇತಿಹಾಸ ಓದಲು ಬರುವ ಹುಡುಗ ಹುಡುಗಿಯರ ಕಾಲಡಿಯಲ್ಲೇ ಒಂದು ದೊಡ್ಡ ಪ್ರಶ್ನೆ ಇದೆ. ಈ ಕ್ಯಾಂಪಸ್ ಇಲ್ಲೇ ಯಾಕೆ ಬಂತು?

ನಮ್ಮಲ್ಲಿ ಇತಿಹಾಸದ ಓದು ಎಂದ ಕೂಡಲೇ ಇಸವಿಗಳು, ರಾಜವಂಶಗಳು, ಕಾರಣಗಳು ಮತ್ತು ಪರಿಣಾಮಗಳು ನೆನಪಿಗೆ ಬರುತ್ತವೆ. ಇತಿಹಾಸದಲ್ಲಿ ಸಂಶೋಧನೆ ಎಂದರೆ ಅನೇಕರಿಗೆ ಗೊಂದಲ. ನಡೆದದ್ದು ನಡೆದಾಗಿದೆ, ಅದನ್ನು ಬರೆದೂ ಆಗಿದೆ, ಇನ್ನು ಹೊಸದಾಗಿ ಹುಡುಕುವುದೇನು ಅಂತ. ಈ ಗೊಂದಲ ಬಿಡಿಸಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಒಂದೇ. ಒಂದು ಪ್ರಶ್ನೆಯನ್ನು ಹಿಡಿದು, ಬಿ.ಎ. ವಿದ್ಯಾರ್ಥಿ ಅದನ್ನು ಏನು ಮಾಡುತ್ತಾನೆ, ಪಿಎಚ್‌ಡಿ ವಿದ್ಯಾರ್ಥಿನಿ ಏನು ಮಾಡುತ್ತಾಳೆ ಎಂದು ನೋಡುವುದು. ಯುಐಸಿಯ ಪ್ರಶ್ನೆ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ.

ಮೊದಲು ಕತೆ, ಆಮೇಲೆ ಅನುಮಾನ

ಕತೆ ಚಿಕ್ಕದಾಗಿ ಹೀಗಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ವಾಪಸು ಬಂದ ಸೈನಿಕರಿಗೆ ಕಾಲೇಜು ಓದಲು ಅಮೆರಿಕ ಸರ್ಕಾರ ಹಣ ಕೊಟ್ಟಿತು. ಶಿಕಾಗೊದಲ್ಲಿ ಅವರಿಗೆ ಜಾಗ ಸಾಲಲಿಲ್ಲ. 1946ರಲ್ಲಿ ಮಿಶಿಗನ್ ಸರೋವರಕ್ಕೆ ಚಾಚಿಕೊಂಡಿರುವ ನೇವಿ ಪಿಯರ್ ಎಂಬ ಕಟ್ಟೆಯ ಮೇಲೆ ರಾಜ್ಯ ವಿಶ್ವವಿದ್ಯಾಲಯ ಎರಡು ವರ್ಷದ ಪದವಿ ತರಗತಿಗಳನ್ನು ಶುರು ಮಾಡಿತು. ಎರಡು ವರ್ಷವಾದ ಮೇಲೆ ಓದು ಮುಂದುವರಿಸಬೇಕಾದರೆ ವಿಶ್ವವಿದ್ಯಾಲಯದ ಮುಖ್ಯ ಕ್ಯಾಂಪಸ್ ಇದ್ದ ದೂರದ ಅರ್ಬಾನಾ ಊರಿಗೆ ಹೋಗಬೇಕಿತ್ತು. ಕೆಲಸ ಮಾಡಿಕೊಂಡು, ಮನೆಯಲ್ಲೇ ಇದ್ದು ಓದುವವರಿಗೆ ಅದು ಆಗದ ಮಾತು. ನಗರದೊಳಗೇ ನಾಲ್ಕು ವರ್ಷದ ಸರ್ಕಾರಿ ವಿಶ್ವವಿದ್ಯಾಲಯ ಬೇಕು ಎಂಬ ಕೂಗು ಎದ್ದಿತು.

ಎಲ್ಲಿ ಕಟ್ಟುವುದು ಎಂದು ವರ್ಷಗಟ್ಟಲೆ ಎಳೆದಾಟ ನಡೆಯಿತು. ಕೊನೆಗೆ 1961ರಲ್ಲಿ ಮೇಯರ್ ರಿಚರ್ಡ್ ಡೇಲಿ ಹ್ಯಾರಿಸನ್ ಮತ್ತು ಹಾಲ್‌ಸ್ಟೆಡ್ ರಸ್ತೆಗಳು ಕೂಡುವ ಈ ಜಾಗವನ್ನು ಆರಿಸಿದರು. ಇಟಲಿ, ಗ್ರೀಸ್, ಮೆಕ್ಸಿಕೊದಿಂದ ಬಂದವರ ಕುಟುಂಬಗಳು, ಕಪ್ಪು ಜನರ ಕುಟುಂಬಗಳು ಇಲ್ಲಿದ್ದವು. ಆ ಜಾಗವನ್ನು ನಗರಾಡಳಿತ ಮೊದಲೇ ನಗರ ನವೀಕರಣಕ್ಕೆಂದು, ಅಂದರೆ ಹಳೆಯದನ್ನು ಕೆಡವಿ ಹೊಸದಾಗಿ ಕಟ್ಟುವುದಕ್ಕೆಂದು, ಗುರುತಿಸಿತ್ತು. ಅಲ್ಲಿ ಹೊಸ ಮನೆಗಳು ಬರುತ್ತವೆ ಎಂದೇ ನಿವಾಸಿಗಳು ನಂಬಿದ್ದರು. ಅದೇ ಬಡಾವಣೆಯಲ್ಲಿ ಬೆಳೆದ ಫ್ಲಾರೆನ್ಸ್ ಸ್ಕಾಲಾ ಅವರ ಮುಂದಾಳತ್ವದಲ್ಲಿ ಹೆಂಗಸರು ಮೆರವಣಿಗೆ ಮಾಡಿದರು, ಮೇಯರ್ ಕಚೇರಿಯಲ್ಲಿ ಧರಣಿ ಕೂತರು, ಕೋರ್ಟಿಗೆ ಹೋದರು. ಸ್ಕಾಲಾ ಅವರ ಮನೆಯ ಮೇಲೆ ಬಾಂಬ್ ದಾಳಿಯೂ ಆಯಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋದರೂ ಗೆಲ್ಲಲಿಲ್ಲ. 1965ರ ಫೆಬ್ರವರಿಯಲ್ಲಿ ಕ್ಯಾಂಪಸ್ ತೆರೆಯಿತು. 1982ರಲ್ಲಿ ಪಕ್ಕದ ವೈದ್ಯಕೀಯ ಕೇಂದ್ರದೊಂದಿಗೆ ಸೇರಿ ಈಗಿನ ಯುಐಸಿ ಆಯಿತು.

ಈ ಕತೆಯನ್ನು ಓದಿ ನೆನಪಿಟ್ಟುಕೊಂಡರೆ ಇತಿಹಾಸ ಗೊತ್ತಾಯಿತಾ? ಒಂದು ಮಟ್ಟಕ್ಕೆ ಗೊತ್ತಾಯಿತು. ಆದರೆ ಬಿ.ಎ. ತರಗತಿ ಇದನ್ನು ಮುಗಿದ ಕತೆ ಎಂದು ಒಪ್ಪಿಕೊಳ್ಳುವುದಿಲ್ಲ. ಇಲ್ಲಿನ ಒಂದೊಂದು ವಾಕ್ಯವೂ ಯಾವ ಕಾಗದದಿಂದ ಬಂತು, ಆ ಕಾಗದ ಬರೆದವರು ಯಾರು, ಯಾರಿಗೆ ಬರೆದರು ಎಂದು ಕೇಳುವುದು ಅಲ್ಲಿನ ಮೊದಲ ಪಾಠ.

ಬಿ.ಎ.: ಒಂದು ಕಾಗದದ ಮುಂದೆ ಕೂರುವುದು

ಅಮೆರಿಕದಲ್ಲಿ ಬಿ.ಎ. ನಾಲ್ಕು ವರ್ಷ. ಯುಐಸಿಯಲ್ಲಿ ಪದವಿಗೆ 120 ಕ್ರೆಡಿಟ್ ಗಂಟೆ ಬೇಕು. ಅದರಲ್ಲಿ ಇತಿಹಾಸಕ್ಕೆ ಸೇರಿದ್ದು ಒಂದು ಪಾಲು ಮಾತ್ರ. ಮಿಕ್ಕದ್ದರಲ್ಲಿ ವಿಜ್ಞಾನ, ಭಾಷೆ, ಬರವಣಿಗೆ ಎಲ್ಲವೂ ಬರುತ್ತವೆ. ಸೇರಿದ ದಿನವೇ ವಿಷಯ ಆರಿಸಬೇಕೆಂಬ ಕಟ್ಟುಪಾಡೂ ಇಲ್ಲ. ಮೊದಲು ವಿಶಾಲವಾದ ಕೋರ್ಸುಗಳು, ಆಮೇಲೆ ಒಂದು ದೇಶ ಅಥವಾ ಕಾಲದ ಕೋರ್ಸುಗಳು. ನಡುವೆ ಇತಿಹಾಸಕಾರರ ಕೆಲಸದ ರೀತಿಯನ್ನೇ ಕಲಿಸುವ ಚಿಕ್ಕ ತರಗತಿ, ಕೊನೆಗೆ ಸ್ವಂತ ಸಂಶೋಧನಾ ಪ್ರಬಂಧ. ಶಾಲಾ ಶಿಕ್ಷಕರಾಗುವವರಿಗೆ ಇತಿಹಾಸ ಬೋಧನೆಯ ಬೇರೆ ದಾರಿಯೇ ಇದೆ. ಶಿಕಾಗೊದ ಶಾಲೆಗಳಲ್ಲಿ ಪಾಠ ಮಾಡುವುದನ್ನು ಕಲಿಯುತ್ತಲೇ ಅವರು ಪದವಿ ಮುಗಿಸುತ್ತಾರೆ.

ಈ ಪಟ್ಟಿಯಲ್ಲಿ ಜಾಸ್ತಿ ಗಮನ ಕೊಡಬೇಕಾದದ್ದು ನಡುವಿನ ಆ ಚಿಕ್ಕ ತರಗತಿಗೆ. ಪಠ್ಯಪುಸ್ತಕ ಓದುವ ವಿದ್ಯಾರ್ಥಿ ಇತಿಹಾಸ ಬರೆಯುವ ವಿದ್ಯಾರ್ಥಿಯಾಗುವುದು ಅಲ್ಲೇ.

ನಮ್ಮ ಪ್ರಶ್ನೆಯನ್ನೇ ಅಲ್ಲಿಗೆ ತರೋಣ. ಕ್ಯಾಂಪಸ್ ಬರುವ ಮೊದಲು ಇಲ್ಲಿ ಇದ್ದದ್ದು ಕೊಳೆಗೇರಿಯಾ? ನಗರಾಡಳಿತ ಹಾಗೆ ಹೇಳಿತು. ಅದನ್ನು ಪರೀಕ್ಷಿಸಲು ವಿದ್ಯಾರ್ಥಿಗೆ ಏನೇನು ಸಿಗುತ್ತದೆ ನೋಡಿ.

ಮೊದಲನೆಯದು 1895ರ ಒಂದು ನಕ್ಷೆ. ಫೆಡರಲ್ ಸರ್ಕಾರ 1893ರಲ್ಲಿ ನಾಲ್ಕು ನಗರಗಳ ಕೊಳೆಗೇರಿಗಳ ಸಮೀಕ್ಷೆ ಮಾಡಿಸಿತು. ಶಿಕಾಗೊದ ಕೆಲಸವನ್ನು ಹಲ್ ಹೌಸಿನಲ್ಲಿದ್ದ ಫ್ಲಾರೆನ್ಸ್ ಕೆಲಿ ನಡೆಸಿದರು. ಹಾಲ್‌ಸ್ಟೆಡ್ ರಸ್ತೆಯ ಪೂರ್ವಕ್ಕಿದ್ದ ಬೀದಿಗಳಲ್ಲಿ ಮನೆ ಮನೆಗೂ ಹೋಗಿ ಪ್ರಶ್ನೆ ಕೇಳಿದರು. ಸಿಕ್ಕ ಉತ್ತರಗಳನ್ನು ಹಲ್ ಹೌಸಿನವರು ಬಣ್ಣದ ನಕ್ಷೆಗಳಾಗಿ ಅಚ್ಚು ಹಾಕಿಸಿದರು. ಒಂದು ನಕ್ಷೆಯಲ್ಲಿ ಯಾವ ಮನೆಯಲ್ಲಿ ಯಾವ ದೇಶದವರು ಎಂದಿದೆ. ಇನ್ನೊಂದರಲ್ಲಿ ಯಾವ ಕುಟುಂಬದ ವಾರದ ಗಳಿಕೆ ಎಷ್ಟು ಎಂದಿದೆ. ವಾರಕ್ಕೆ ಐದು ಡಾಲರ್ ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಕಪ್ಪು ಬಣ್ಣ. ನೋಡಲು ಸುಂದರವಾದ ನಕ್ಷೆ. ನೋಡುತ್ತಾ ಕೂತರೆ ಅದು ಪೂರ್ಣ ಸತ್ಯ ಅನಿಸಿಬಿಡುತ್ತದೆ.

ಇಲ್ಲಿ ಪ್ರಾಧ್ಯಾಪಕರು ವಿದ್ಯಾರ್ಥಿಯನ್ನು ತಡೆಯುತ್ತಾರೆ. ಗಳಿಕೆ ಎಷ್ಟು ಎಂದು ಸರ್ಕಾರದ ಪರವಾಗಿ ಬಂದವರು ಕೇಳಿದರೆ ಎಷ್ಟು ಜನ ನಿಜ ಹೇಳುತ್ತಾರೆ? ವರ್ಷದಲ್ಲಿ ಕೆಲವೇ ತಿಂಗಳು ಕೆಲಸ ಸಿಗುವವನ ವಾರದ ಗಳಿಕೆಯನ್ನು ಲೆಕ್ಕ ಹಾಕುವುದು ಹೇಗೆ? ಯಾವ ಗುಂಪಿಗೆ ಯಾವ ಬಣ್ಣ ಎಂದು ತೀರ್ಮಾನಿಸಿದವರು ಯಾರು? ಈ ನಕ್ಷೆ ಮಾಡಿದವರಿಗೆ ಒಂದು ಉದ್ದೇಶ ಇತ್ತು. ಕಾರ್ಮಿಕರ ಕಷ್ಟವನ್ನು ತೋರಿಸಿ ಕಾನೂನು ಬದಲಿಸಬೇಕು ಎಂಬುದು ಆ ಉದ್ದೇಶ. ಅದು ಒಳ್ಳೆಯದೇ. ಆದರೂ ಅದು ನಕ್ಷೆಯ ಒಂದೊಂದು ಗೆರೆಯಲ್ಲೂ ಇದೆ. ಇನ್ನೂ ಮುಖ್ಯವಾಗಿ, 1895ರ ನಕ್ಷೆ 1961ರ ಬಡಾವಣೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ನಡುವೆ 66 ವರ್ಷ ಕಳೆದಿವೆ.

ಹಾಗಾದರೆ ಹತ್ತಿರದ ದಾಖಲೆ ಬೇಕು. ಅಮೆರಿಕದಲ್ಲಿ ಜನಗಣತಿಯ ಮನೆವಾರು ಹಾಳೆಗಳನ್ನು 72 ವರ್ಷ ಗುಟ್ಟಾಗಿಡುತ್ತಾರೆ. ಆಮೇಲೆ ಎಲ್ಲರಿಗೂ ತೆರೆಯುತ್ತಾರೆ. 1950ರ ಗಣತಿಯ ಹಾಳೆಗಳು 2022ರ ಏಪ್ರಿಲ್‌ನಲ್ಲಿ ತೆರೆದವು. ಕ್ಯಾಂಪಸ್‌ಗೆ ಜಾಗ ಆರಿಸುವುದಕ್ಕೆ ಸುಮಾರು ಹತ್ತು ವರ್ಷ ಮುಂಚಿನ ಬೀದಿಯ ಒಂದೊಂದು ಮನೆಯಲ್ಲಿ ಯಾರಿದ್ದರು, ಏನು ಕೆಲಸ ಮಾಡುತ್ತಿದ್ದರು ಎಂಬುದು ಈಗ ಮನೆಯ ಕಂಪ್ಯೂಟರಿನಲ್ಲೇ ಸಿಗುತ್ತದೆ. ದರ್ಜಿಗಳು, ಬೇಕರಿಯವರು, ಕಾರ್ಖಾನೆ ಕೆಲಸಗಾರರು ಅಲ್ಲಿ ಹೆಸರು ಸಮೇತ ಇದ್ದಾರೆ. 2022ಕ್ಕೆ ಮುಂಚೆ ಈ ಪ್ರಶ್ನೆ ಹಿಡಿದವರಿಗೆ ಇದು ಇರಲಿಲ್ಲ. ಇತಿಹಾಸದಲ್ಲಿ ಹೊಸದಾಗಿ ಹುಡುಕುವುದೇನು ಎಂಬುದಕ್ಕೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಮೂರನೆಯದು ಜನರ ಮಾತು. ರೇಡಿಯೊದಲ್ಲಿ ಕೆಲಸ ಮಾಡುತ್ತಿದ್ದ ಸ್ಟಡ್ಸ್ ಟರ್ಕೆಲ್ ಸ್ಕಾಲಾ ಅವರನ್ನು ಮಾತಾಡಿಸಿದರು. ಆ ಮಾತು 1967ರಲ್ಲಿ ಪುಸ್ತಕದಲ್ಲೂ ಬಂತು. ನಗರಾಡಳಿತದ ಮೇಲಿನ ಸಿಟ್ಟಿನ ಜೊತೆ ಹಲ್ ಹೌಸಿನ ಧರ್ಮದರ್ಶಿಗಳ ಬಗೆಗಿನ ನೋವೂ ಅವರಲ್ಲಿತ್ತು. ಬಡವರ ಪರ ನಿಲ್ಲುವ ಸಂಸ್ಥೆಯೇ ಕೊನೆಗೆ ಜಾಗ ಮಾರಲು ಒಪ್ಪಿತು. ಈ ಒಂದು ವಿಷಯ ಗೊತ್ತಾದ ಕೂಡಲೇ ಮೇಯರ್ ಒಂದು ಕಡೆ, ಜನ ಇನ್ನೊಂದು ಕಡೆ ಎಂಬ ಸರಳ ಚಿತ್ರ ಕದಡಿಹೋಗುತ್ತದೆ.

ಇನ್ನೊಂದು ಮಾತನ್ನೂ ವಿದ್ಯಾರ್ಥಿ ಎದುರಿಸಬೇಕು. ಯುಐಸಿಯ ವಿದ್ಯಾರ್ಥಿಗಳಲ್ಲಿ ತುಂಬಾ ಜನ ಮನೆಯಿಂದಲೇ ಓಡಾಡಿ ಓದುವವರು. ಎಷ್ಟೋ ಮಂದಿ ತಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ಈ ಕ್ಯಾಂಪಸ್ ನಗರದೊಳಗೆ ಇಲ್ಲದಿದ್ದರೆ ಅವರಲ್ಲಿ ಅನೇಕರು ಓದುತ್ತಲೇ ಇರಲಿಲ್ಲ. ಕಾರ್ಮಿಕರ ಬೀದಿಯನ್ನು ಕೆಡವಿ ಕಾರ್ಮಿಕರ ಮಕ್ಕಳಿಗೆ ವಿಶ್ವವಿದ್ಯಾಲಯ ಕಟ್ಟಿದರು. ಎರಡೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದು ಹದಿನೈದಿಪ್ಪತ್ತು ಪುಟ ಬರೆಯುವುದು ಬಿ.ಎ. ವಿದ್ಯಾರ್ಥಿಯ ಕೆಲಸ. ಎಲ್ಲವನ್ನೂ ಹೇಳಬೇಕಾಗಿಲ್ಲ. ಒಂದು ಬೀದಿ, ಒಂದು ಚರ್ಚು, ಒಂದು ವರ್ಷದ ಪತ್ರಿಕೆಗಳು ಸಾಕು. ಆದರೆ ಹೇಳಿದ್ದಕ್ಕೆ ಆಧಾರ ಬೇಕು. ಯಾವ ಪೆಟ್ಟಿಗೆ, ಯಾವ ಕಡತ ಎಂದು ಅಡಿಟಿಪ್ಪಣಿಯಲ್ಲಿ ತೋರಿಸಬೇಕು.

ಅಡಿಟಿಪ್ಪಣಿ ಎಂದಾಗ ಒಂದು ಮಾತು. ಇತಿಹಾಸಕಾರರು ಹೆಚ್ಚಾಗಿ ಬಳಸುವ ಟಿಪ್ಪಣಿ ಕ್ರಮಕ್ಕೆ ಶಿಕಾಗೊ ಶೈಲಿ ಅಂತಲೇ ಹೆಸರು. ಅದೇ ನಗರದ ಇನ್ನೊಂದು ವಿಶ್ವವಿದ್ಯಾಲಯವಾದ ಯೂನಿವರ್ಸಿಟಿ ಆಫ್ ಶಿಕಾಗೊದ ಮುದ್ರಣಾಲಯ 1906ರಲ್ಲಿ ಅದನ್ನು ಮೊದಲು ಪ್ರಕಟಿಸಿತು. ವಿದ್ಯಾರ್ಥಿಗಳಿಗೆ ಅದನ್ನು ಸುಲಭ ಮಾಡಿಕೊಟ್ಟವರು ಕೇಟ್ ಟುರಾಬಿಯನ್. ಅವರು ಅಲ್ಲಿ ಪ್ರಬಂಧಗಳನ್ನು ಪರಿಶೀಲಿಸುವ ಕಾರ್ಯದರ್ಶಿಯಾಗಿದ್ದರು. ಇವತ್ತು ಜಗತ್ತಿನ ಎಷ್ಟೋ ಪ್ರಬಂಧಗಳ ಟಿಪ್ಪಣಿಗಳು ಅವರು ಹೇಳಿಕೊಟ್ಟ ಹಾಗೇ ಇವೆ.

ಪಿಎಚ್‌ಡಿ: ನಡೆಯುತ್ತಿರುವ ವಾದಕ್ಕೆ ಸೇರುವುದು

ಪಿಎಚ್‌ಡಿಯನ್ನು ಬಿ.ಎ. ಪ್ರಬಂಧದ ಉದ್ದನೆಯ ರೂಪ ಅಂತ ಅಂದುಕೊಳ್ಳುವುದು ಸಹಜ. ನಾನೂರು ಪುಟ ಇರುತ್ತದೆ, ಜಾಸ್ತಿ ದಾಖಲೆ ನೋಡಿರುತ್ತಾರೆ, ಅಷ್ಟೇ ಅಲ್ವಾ? ವ್ಯತ್ಯಾಸ ಇರುವುದು ಬೇರೆ ಕಡೆ. ಈ ಬೀದಿಯಲ್ಲಿ ಏನಾಯಿತು ಎಂದು ಬಿ.ಎ. ವಿದ್ಯಾರ್ಥಿ ಕೇಳುತ್ತಾನೆ. ಪಿಎಚ್‌ಡಿ ವಿದ್ಯಾರ್ಥಿನಿ ಅದನ್ನೂ ಕೇಳಬೇಕು. ಜೊತೆಗೆ ಇಂಥ ಬೀದಿಗಳ ಬಗ್ಗೆ ಈವರೆಗೆ ಯಾರು ಏನು ಹೇಳಿದ್ದಾರೆ, ಅದರಲ್ಲಿ ಯಾವುದು ನಿಲ್ಲುವುದಿಲ್ಲ, ತನ್ನ ದಾಖಲೆಗಳಿಂದ ಆ ವಾದ ಎಲ್ಲಿ ತಿರುಗುತ್ತದೆ ಎಂದೂ ಹೇಳಬೇಕು.

ಇದಕ್ಕೆ ನಿಜವಾದ ಉದಾಹರಣೆ ಯುಐಸಿಯಲ್ಲೇ ಇದೆ. ಅರ್ನಾಲ್ಡ್ ಹರ್ಷ್ ಶಿಕಾಗೊದಲ್ಲೇ ಹುಟ್ಟಿದವರು. ಬಿ.ಎ.ಯಿಂದ ಪಿಎಚ್‌ಡಿವರೆಗೆ ಇದೇ ಸಂಸ್ಥೆಯಲ್ಲಿ ಓದಿದರು. ಅವರ ಸಂಶೋಧನೆ 1983ರಲ್ಲಿ ಪುಸ್ತಕವಾಗಿ ಬಂತು. ವಿಷಯ 1940ರಿಂದ 1960ರವರೆಗಿನ ಶಿಕಾಗೊದಲ್ಲಿ ಜನಾಂಗ ಮತ್ತು ವಸತಿ. ಕಪ್ಪು ಜನರನ್ನು ಪ್ರತ್ಯೇಕ ಬಡಾವಣೆಗಳಿಗೆ ದೂಡಿದ್ದು ಹಳೆಯ ಕತೆ, ಅದು ಮೊದಲ ಮಹಾಯುದ್ಧದ ಕಾಲದಲ್ಲೇ ಗಟ್ಟಿಯಾಗಿತ್ತು ಎಂದು ಬಹಳ ಜನ ನಂಬಿದ್ದರು. ಎರಡನೇ ಮಹಾಯುದ್ಧದ ನಂತರ ಅದೇ ಗೋಡೆಗಳನ್ನು ಮತ್ತೊಮ್ಮೆ ಹೊಸದಾಗಿ ಕಟ್ಟಿದರು ಎಂದು ಹರ್ಷ್ ತೋರಿಸಿದರು. ಈ ಸಲ ಸರ್ಕಾರದ ಕಾನೂನು, ಸರ್ಕಾರದ ಹಣ, ನಗರ ನವೀಕರಣದ ಯೋಜನೆಗಳು ಅದಕ್ಕೆ ಒದಗಿಬಂದವು. ದೊಡ್ಡ ವ್ಯಾಪಾರಿಗಳು, ಯೂನಿವರ್ಸಿಟಿ ಆಫ್ ಶಿಕಾಗೊದಂಥ ಸಂಸ್ಥೆಗಳು, ಬಿಳಿಯರ ಬಡಾವಣೆಗಳಲ್ಲಿ ಕಲ್ಲು ತೂರಿದ ಗುಂಪುಗಳು, ಇವರೆಲ್ಲರ ಪಾತ್ರವನ್ನು ಅವರು ಬಿಡಿಸಿಟ್ಟರು. ಆ ಪುಸ್ತಕದ ನಂತರ ಅಮೆರಿಕದ ನಗರಗಳ ಬಗ್ಗೆ ಬರೆಯುವವರು ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವ ಹಾಗಿಲ್ಲ. ತನ್ನದೇ ಊರಿನ ಕಡತಗಳಲ್ಲಿ ಕೂತು ಒಬ್ಬ ವಿದ್ಯಾರ್ಥಿ ಮಾಡಿದ ಕೆಲಸ ಅದು.

ಅಲ್ಲಿಗೆ ತಲುಪುವ ದಾರಿ ಉದ್ದ. ಅಮೆರಿಕದಲ್ಲಿ ಪಿಎಚ್‌ಡಿಗೆ ಸೇರಲು ಎಂ.ಎ. ಕಡ್ಡಾಯ ಎಂದೇನಿಲ್ಲ. ಬಿ.ಎ. ಮುಗಿಸಿ ನೇರವಾಗಿ ಸೇರುವವರಿದ್ದಾರೆ. ಮೊದಲ ಎರಡು ಮೂರು ವರ್ಷ ತರಗತಿಗಳು. ಸೆಮಿನಾರ್ ಎಂದರೆ ಮೇಜಿನ ಸುತ್ತ ಹತ್ತು ಹನ್ನೆರಡು ಜನ, ವಾರಕ್ಕೊಂದು ಪುಸ್ತಕ, ಮೂರು ಗಂಟೆ ಚರ್ಚೆ. ಪುಸ್ತಕದಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಎಲ್ಲರೂ ಓದಿಯೇ ಬಂದಿರುತ್ತಾರೆ. ಲೇಖಕರ ವಾದ ಯಾವುದು, ಆಧಾರ ಎಷ್ಟು ಗಟ್ಟಿ, ಯಾವ ದಾಖಲೆ ನೋಡಿಲ್ಲ, ಯಾರ ದನಿ ಕೇಳುತ್ತಿಲ್ಲ ಎಂಬುದರ ಸುತ್ತಲೇ ಮಾತು.

ಆಮೇಲೆ ದೊಡ್ಡ ಪರೀಕ್ಷೆ. ವಿದ್ಯಾರ್ಥಿನಿ ಎರಡೋ ಮೂರೋ ಕ್ಷೇತ್ರಗಳನ್ನು ಆರಿಸಿಕೊಂಡು, ಒಂದೊಂದಕ್ಕೂ ಪ್ರಾಧ್ಯಾಪಕರ ಜೊತೆ ಕೂತು ಉದ್ದನೆಯ ಪುಸ್ತಕಪಟ್ಟಿ ಮಾಡಿಕೊಳ್ಳುತ್ತಾಳೆ. ತಿಂಗಳುಗಟ್ಟಲೆ ಓದುತ್ತಾಳೆ. ಇದು ನಿಜಕ್ಕೂ ಕಠಿಣವಾದ ಕಾಲ. ಒಂಟಿತನವೂ ಇರುತ್ತದೆ. ಆದರೆ ಮುಂದೆ ಪಾಠ ಮಾಡುವಾಗ ಕೈಹಿಡಿಯುವುದು ಈ ಓದೇ. ಪರೀಕ್ಷೆ ದಾಟಿದ ಮೇಲೆ ಸಂಶೋಧನೆಯ ಯೋಜನೆ ಬರೆದು ಸಮಿತಿಯ ಒಪ್ಪಿಗೆ ಪಡೆಯಬೇಕು. ಅದಾದ ಮೇಲೆ ಕಡತಗಳ ವರ್ಷಗಳು ಶುರು. ಒಟ್ಟು ಆರೋ ಏಳೋ ವರ್ಷ ಸಾಮಾನ್ಯ. ಅದಕ್ಕಿಂತ ಹೆಚ್ಚೂ ಆಗುತ್ತದೆ.

ದೊಡ್ಡ ನಗರದಲ್ಲಿ ಓದುವುದರ ಲಾಭ ಗೊತ್ತಾಗುವುದು ಈ ಕಡತಗಳ ವರ್ಷಗಳಲ್ಲಿ. ಶಿಕಾಗೊದಲ್ಲಿ 1887ರಲ್ಲಿ ಶುರುವಾದ ನ್ಯೂಬೆರಿ ಗ್ರಂಥಾಲಯ ಇದೆ. 1856ರಲ್ಲಿ ಹುಟ್ಟಿದ ಐತಿಹಾಸಿಕ ಸಂಘ ಇವತ್ತು ಶಿಕಾಗೊ ಇತಿಹಾಸ ಮ್ಯೂಸಿಯಂ ಆಗಿದೆ. ರಾಷ್ಟ್ರೀಯ ಪತ್ರಾಗಾರದ ಶಾಖೆ ಇದೆ. ಕೋರ್ಟಿನ ಹಳೆಯ ಮೊಕದ್ದಮೆಗಳ ಕಡತಗಳಿವೆ. ಯುಐಸಿಯ ಸ್ವಂತ ಗ್ರಂಥಾಲಯದಲ್ಲೇ ಹಲ್ ಹೌಸಿನ ಕಾಗದಪತ್ರಗಳಿವೆ. ಆ ಗ್ರಂಥಾಲಯಕ್ಕೆ ಇಟ್ಟಿರುವ ಹೆಸರು ಮೇಯರ್ ರಿಚರ್ಡ್ ಡೇಲಿ ಅವರದು. ಜಾಗ ಆರಿಸಿದವರ ಹೆಸರಿನ ಕಟ್ಟಡದಲ್ಲಿ ಕೂತು, ಅಲ್ಲಿಂದ ಎದ್ದುಹೋದವರ ಕಾಗದಗಳನ್ನು ಓದಬೇಕು. ಬೆಳಗ್ಗೆ ಬಸ್ಸು ಹತ್ತಿ ಹೋಗಿ ಒಂದು ಪೆಟ್ಟಿಗೆ ನೋಡಿ ಸಂಜೆ ತರಗತಿಗೆ ವಾಪಸು ಬರಬಹುದು. ಚಿಕ್ಕ ಊರಿನ ವಿಶ್ವವಿದ್ಯಾಲಯದಲ್ಲಿ ಓದುವವರು ಇದಕ್ಕೆಲ್ಲ ರಜೆಯನ್ನೂ ಅನುದಾನವನ್ನೂ ಕಾಯಬೇಕು.

ಹೊಟ್ಟೆಪಾಡಿನ ಮಾತು

ಇಷ್ಟು ವರ್ಷ ಓದುವವರು ಬದುಕುವುದು ಹೇಗೆ? ಇತಿಹಾಸದ ಪಿಎಚ್‌ಡಿ ವಿದ್ಯಾರ್ಥಿಗಳಲ್ಲಿ ಅನೇಕರು ಬೋಧನಾ ಸಹಾಯಕರಾಗಿ ಕೆಲಸ ಮಾಡುತ್ತಾರೆ. ವಾರಕ್ಕೆ ಸುಮಾರು 20 ಗಂಟೆ ದುಡಿದರೆ ಬೋಧನಾ ಶುಲ್ಕ ಮನ್ನಾ, ಜೊತೆಗೆ ತಿಂಗಳ ಸಂಬಳ. ಪ್ರಾಧ್ಯಾಪಕರ ದೊಡ್ಡ ಉಪನ್ಯಾಸದ ನಂತರ ಇಪ್ಪತ್ತು ಇಪ್ಪತ್ತೈದು ಬಿ.ಎ. ವಿದ್ಯಾರ್ಥಿಗಳ ಚಿಕ್ಕ ಗುಂಪುಗಳೊಂದಿಗೆ ಚರ್ಚೆ ನಡೆಸುವುದು, ಪ್ರಬಂಧ ತಿದ್ದುವುದು ಇವರ ಕೆಲಸ. 1895ರ ನಕ್ಷೆಯ ಮುಂದೆ ಬಿ.ಎ. ಹುಡುಗನನ್ನು ತಡೆದು ಪ್ರಶ್ನೆ ಕೇಳುವವರು ಎಷ್ಟೋ ಸಲ ಇವರೇ. ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ಬಿ.ಎ. ಮತ್ತು ಪಿಎಚ್‌ಡಿ ಬೇರೆ ಬೇರೆ ಮಹಡಿಗಳಾಗಿ ಉಳಿಯುವುದಿಲ್ಲ. ಕೆಳಗಿನವರ ಪಾಠ ಮೇಲಿನವರ ದುಡಿಮೆಯಿಂದ ನಡೆಯುತ್ತದೆ, ಮೇಲಿನವರ ಓದು ಕೆಳಗಿನವರ ಪಾಠದಿಂದ ಹರಿತವಾಗುತ್ತದೆ.

ಆ ಸಂಬಳದಲ್ಲಿ ದೊಡ್ಡ ನಗರದ ಬಾಡಿಗೆ ಕಟ್ಟುವುದು ಕಷ್ಟ. 2019ರ ಮಾರ್ಚ್‌ನಲ್ಲಿ ಯುಐಸಿಯಲ್ಲಿ ಹೀಗೆ ದುಡಿಯುವ ವಿದ್ಯಾರ್ಥಿಗಳ ಸಂಘ ಸುಮಾರು ಮೂರು ವಾರ ಮುಷ್ಕರ ಹೂಡಿತು. ಸಂಬಳ ಮತ್ತು ವಿದ್ಯಾರ್ಥಿಗಳ ಮೇಲೆ ಹೇರುವ ಇತರ ಶುಲ್ಕಗಳು ಮುಖ್ಯ ತಕರಾರಾಗಿದ್ದವು. ಸೇರುವ ಮೊದಲು ಎಷ್ಟು ವರ್ಷಕ್ಕೆ ಹಣ ಖಾತರಿ, ಬೇಸಿಗೆಯಲ್ಲಿ ಏನು ಗತಿ, ವಿಮೆ ಇದೆಯೇ ಎಂದು ಬರವಣಿಗೆಯಲ್ಲೇ ಕೇಳಿಕೊಳ್ಳಬೇಕು. ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಪ್ರಾಧ್ಯಾಪಕ ಹುದ್ದೆಗಳು ಕಡಿಮೆಯಾಗಿವೆ ಎಂಬುದೂ ಗೊತ್ತಿರಬೇಕು. ಪಿಎಚ್‌ಡಿ ಮುಗಿಸಿದವರು ಮ್ಯೂಸಿಯಂ, ಪತ್ರಾಗಾರ, ಪ್ರಕಾಶನ, ಶಾಲೆಗಳ ಕಡೆಗೂ ಹೋಗುತ್ತಾರೆ. ಹಣದ ಖಾತರಿ ಇಲ್ಲದೆ ಸಾಲ ಮಾಡಿ ಇತಿಹಾಸದ ಪಿಎಚ್‌ಡಿಗೆ ಸೇರಬೇಡಿ ಎಂದೇ ನಾನು ಹೇಳುತ್ತೇನೆ.

ಕನ್ನಡದವರಿಗೆ ಇಲ್ಲಿ ಏನಿದೆ

ಶಿಕಾಗೊಗೂ ಕನ್ನಡಕ್ಕೂ ಹಳೆಯ ನಂಟಿದೆ. ಎ. ಕೆ. ರಾಮಾನುಜನ್ 1960ರ ದಶಕದಿಂದ 1993ರಲ್ಲಿ ತೀರಿಕೊಳ್ಳುವವರೆಗೂ ಯೂನಿವರ್ಸಿಟಿ ಆಫ್ ಶಿಕಾಗೊದಲ್ಲಿ ಪಾಠ ಮಾಡಿದರು. ಅಲ್ಲಿನ ರೆಗೆನ್‌ಸ್ಟೈನ್ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳ ದೊಡ್ಡ ಸಂಗ್ರಹವೇ ಇದೆ. ಅದು ಬಂದ ದಾರಿಯೂ ಒಂದು ಇತಿಹಾಸ. ಅಮೆರಿಕದಿಂದ ಭಾರತಕ್ಕೆ ಬಂದ ಗೋಧಿಗೆ ಭಾರತ ರೂಪಾಯಿಯಲ್ಲಿ ಹಣ ಕಟ್ಟುತ್ತಿತ್ತು. ಪಿ.ಎಲ್. 480 ಎಂಬ ಕಾನೂನಿನಡಿ ಆ ರೂಪಾಯಿಗಳಲ್ಲಿ ಒಂದು ಪಾಲಿನಿಂದ 1962ರ ಹೊತ್ತಿಗೆ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಕಳಿಸಲು ಶುರು ಮಾಡಿದರು. ನಮ್ಮ ಊರಿನ ಅಂಗಡಿಗಳಲ್ಲಿ ಈಗ ಸಿಗದ ಎಷ್ಟೋ ಕನ್ನಡ ಪುಸ್ತಕಗಳು ಹಾಗಾಗಿ ಅಲ್ಲಿನ ಕಪಾಟುಗಳಲ್ಲಿ ಸಿಗುತ್ತವೆ.

ಕರ್ನಾಟಕದ ಇತಿಹಾಸದ ಮೇಲೆ ಅಮೆರಿಕದಲ್ಲಿ ಕೆಲಸ ಮಾಡಬೇಕೆನ್ನುವವರಿಗೆ ಕನ್ನಡ ಬರುವುದೇ ದೊಡ್ಡ ಬಲ. ಬೇರೆಯವರು ವರ್ಷಗಟ್ಟಲೆ ಕೂತು ಕಲಿಯಬೇಕಾದ ಭಾಷೆ ಅದು. ಅದರ ಜೊತೆ ಹಳಗನ್ನಡವೋ ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿಯೋ ಪರ್ಷಿಯನ್ನೋ ಸೇರಿದರೆ ಇನ್ನೂ ಒಳ್ಳೆಯದು.

ಅರ್ಜಿಯಲ್ಲಿ ಅಂಕಪಟ್ಟಿ, ಶಿಫಾರಸು ಪತ್ರ, ಉದ್ದೇಶದ ಹೇಳಿಕೆ ಎಲ್ಲವೂ ಕೇಳುತ್ತಾರೆ. ಆದರೆ ಆಯ್ಕೆ ಮಾಡುವವರು ಎಲ್ಲಕ್ಕಿಂತ ಗಮನವಿಟ್ಟು ನೋಡುವುದು ಬರವಣಿಗೆಯ ಮಾದರಿಯನ್ನು. ಇಪ್ಪತ್ತು ಇಪ್ಪತ್ತೈದು ಪುಟದ ಒಂದು ಸಂಶೋಧನಾ ಪ್ರಬಂಧ. ನಮ್ಮ ಬಿ.ಎ., ಎಂ.ಎ.ಗಳಲ್ಲಿ ಪರೀಕ್ಷೆಗೆ ಉತ್ತರ ಬರೆದು ಅಭ್ಯಾಸವಿರುವವರು ಎಡವುವುದು ಇಲ್ಲೇ. ಅವರ ಬಳಿ ಒಳ್ಳೆಯ ಅಂಕ ಇರುತ್ತದೆ, ತಮ್ಮದೇ ಆದ ಇಂಥ ಪ್ರಬಂಧ ಇರುವುದಿಲ್ಲ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕರ್ನಾಟಕ ರಾಜ್ಯ ಪತ್ರಾಗಾರ ಬೆಂಗಳೂರಿನ ವಿಧಾನಸೌಧದಲ್ಲೇ ಇದೆ. ಹಳೆಯ ಪತ್ರಿಕೆಗಳು, ಊರಿನ ಪುರಸಭೆಯ ನಡಾವಳಿಗಳು, ಮನೆಯ ಕ್ರಯಪತ್ರಗಳು ಎಲ್ಲ ಊರುಗಳಲ್ಲೂ ಇವೆ. ನಿಮ್ಮ ಊರಿನ ಕೆರೆ ಬಸ್ ನಿಲ್ದಾಣ ಆದದ್ದು ಯಾವಾಗ, ಯಾರ ತೀರ್ಮಾನದಿಂದ, ಆಗ ಅಲ್ಲಿಂದ ಎದ್ದುಹೋದವರು ಯಾರು ಎಂದು ಮೂರು ಬಗೆಯ ದಾಖಲೆ ಇಟ್ಟುಕೊಂಡು ಇಪ್ಪತ್ತು ಪುಟ ಬರೆದರೆ, ಅದನ್ನು ಕಳಿಸಬಹುದು.